‘ಆಗು’ ಅಂದರೆ ‘ಲಾಗು’ ಅಂತ ಕೇಳಿಸಿತು

‘‘ಕಿವಿ ಕೇಳ್ಸಲ್ವೇನಯ್ಯಾ ನಿಂಗೆ?’’

ಹತ್ತು ಜನರ ಮುಂದೆ ನಾನು ಹೀಗೆ ಗದರಿದ್ದು ಗೋವಿಂದಪ್ಪ ಎಂಬ ಹಿರಿಯರನ್ನು. ಸೆಟ್ಟೂರು ಕಡೆಯವರು, ಬೋರ್‌ವೆಲ್ಲಿನಿಂದ ಮೋಟರ್ ಎತ್ತುವುದು ಕಸುಬು. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತಿದೆ.

ನನ್ನ ಹ್ಯಾಮ್ ರೇಡಿಯೋ ಹುಚ್ಚು ನಿಮಗೆ ಹೊಸದಲ್ಲ. (ಲೈಸೆನ್ಸ್ ಪಡೆದು, ಮನೆಯಲ್ಲೇ ಕೂತು, ದೇಶವಿದೇಶದವರ ಜೊತೆ ರೇಡಿಯೋದಲ್ಲಿ ಹರಟುವ ಹವ್ಯಾಸ. ನನ್ನ ಹೆಂಡತಿಯ ಪ್ರಕಾರ, ಕೆಲಸವಿಲ್ಲದವರ ಕೆಲಸ.) ಹಿಂದೂಪುರದ ನನ್ನ ಸೀರೆ ಅಂಗಡಿಗೆ ಬಂದವರಿಗೂ ರೇಡಿಯೋ ಆಂಟೆನಾದ ಟವರ್ ಸೇಫ್ಟಿ ಬಗ್ಗೆ ಭಾಷಣ ಬಿಗಿಯುವವನು ನಾನು. ಟವರ್ ಯಾವ ದಿಕ್ಕಿಗೆ ಬಿದ್ದರೂ ಕರೆಂಟು ತಂತಿಗೆ ತಾಗಬಾರದು, ಅಷ್ಟು ದೂರ ಬಿಡಿ ಅಂತ.

ಕಲ್ಯಾಣದುರ್ಗದ ಗೆಳೆಯ ರಾಮಾಂಜಿ ತನ್ನ ಮನೆಗೆ ಟವರ್ ನಿಲ್ಲಿಸಲು ಕರೆದಾಗ ಏನು ಮಾಡಿದೆ? ಟೇಪು ಹಿಡಿಯಲೇ ಇಲ್ಲ. ರಸ್ತೆಯ ತಂತಿ ಎಷ್ಟು ದೂರವಿದೆ ಅಂತ ಕಣ್ಣಲ್ಲೇ ಅಳೆದೆ. ‘‘ಏನಾಗಲ್ಲ ಬಿಡು’’ ಅಂದೆ. ಎಕ್ಸ್‌ಪರ್ಟ್ ಅಲ್ಲವೇ!

ಮಲಗಿದ್ದ ಮೂವತ್ತಡಿ ಟವರಿನ ಬುಡವನ್ನು ರಾಮಾಂಜಿ ಹಿಡಿದುಕೊಂಡ. ಕೆಲಸಕ್ಕೆ ಕರೆಸಿದ್ದ ಗೋವಿಂದಪ್ಪ ರಸ್ತೆ ಕಡೆ ನಿಂತು ಹಗ್ಗ ಎಳೆಯತೊಡಗಿದರು. ನಾನು ನಮ್ಮ ಕಡೆಯ ರೂಢಿಯಂತೆ ತೆಲುಗಿನಲ್ಲಿ ‘‘ಲಾಗು, ಲಾಗು’’ ಅನ್ನುತ್ತಿದ್ದೆ, ಅಂದರೆ ಎಳಿ. ಟವರ್ ನೆಟ್ಟಗಾಯಿತು. ‘‘ಆಗು!’’ ಅಂತ ಕೂಗಿದೆ, ಅಂದರೆ ನಿಲ್ಲು. ಗಾಳಿಯಲ್ಲಿ ಅದೂ ‘ಲಾಗು’ ಎಂದೇ ಕೇಳಿಸಿತು. ಅವರು ಎಳೆದರು. ನಾನು ಇನ್ನೂ ಜೋರಾಗಿ ಕೂಗಿದೆ. ಅವರು ಇನ್ನೂ ಜೋರಾಗಿ ಎಳೆದರು!

ಟವರ್ ತಂತಿಯ ಕಡೆ ವಾಲಿತು. ತಾಗಿದ್ದರೆ ರಾಮಾಂಜಿ ನಿಂತಲ್ಲೇ ಸಾಯುತ್ತಿದ್ದ. ಟವರಿಗೆ ಹಿಂದಿನಿಂದ ಕಟ್ಟಿದ್ದ ಇನ್ನೊಂದು ಹಗ್ಗ ಬಿಗಿದು, ಗೇಣು ದೂರದಲ್ಲಿ ತಡೆಯಿತು. ಆಗ ನನ್ನ ಬಾಯಿಗೆ ಬಂದದ್ದೇ ಆ ಬೈಗುಳ.

ತಪ್ಪು ನಮ್ಮದಾದಾಗ ನಾವು ಮೊದಲು ಹುಡುಕುವುದು ತಿರುಗಿ ಮಾತಾಡದವರನ್ನು, ಅಲ್ಲವೇ?

ರಾಮಾಂಜಿಯ ತಾಯಿ ತಿಮ್ಮಕ್ಕ ಬಾಗಿಲಲ್ಲೇ ನಿಂತಿದ್ದರು. ‘‘ಅವನ್ನ ಯಾಕಪ್ಪಾ ಬೈತೀಯ? ನಂಗೂ ಲಾಗು ಅಂತ್ಲೇ ಕೇಳುಸ್ತು. ಹಿಂದ್ಲು ಹಗ್ಗನ ಬೇವಿನ ಮರಕ್ಕೆ ಕಟ್ದೋನೂ ಅವ್ನೇ ಕಣಪ್ಪ. ಇಲ್ದಿದ್ರೆ ನನ್ ಮಗ ಉಳೀತಿದ್ನಾ?’’

ಹೌದು. ‘‘ಅದೆಲ್ಲ ಬೇಡ’’ ಅಂತ ನಾನು ಹೇಳಿದ ಮೇಲೂ ಕಟ್ಟಿದ್ದರು.

‘‘ಓಗ್ಲಿ ಬುಡಮ್ಮ’’ ಅಂದರು ಗೋವಿಂದಪ್ಪ. ‘‘ಸಾರ್, ಮೋಟ್ರು ಎತ್ತುವಾಗ ನಮ್ಮಲ್ಲಿ ಒಬ್ರೇ ಹೇಳೋದು. ಏನು ಹೇಳ್ಬೇಕು ಅಂತ ಮೊದ್ಲೇ ಮಾತಾಡ್ಕಂತೀವಿ. ನಿಲ್ಸೋಕೆ ‘ಸಾಕು’ ಅಂತೀವಿ.’’

ಟವರ್ ಇಳಿಸಿದೆವು. ತಂತಿಯಿಂದ ದೂರ, ಹಿತ್ತಿಲ ನಡುವೆ ಹೊಸ ಪಾಯ ತೋಡಿಸಿದೆವು, ಈ ಸಲ ಟೇಪು ಹಿಡಿದು. ಕಾಂಕ್ರೀಟ್ ಚೆನ್ನಾಗಿ ಗಟ್ಟಿಯಾದ ಮೇಲೆ, ಮೊನ್ನೆ ಭಾನುವಾರ, ಗೋವಿಂದಪ್ಪನವರೇ ಮುಂದೆ ನಿಂತು ಹೇಳಿದರು, ನಾವು ಎಳೆದೆವು. ಅವರ ಒಂದೇ ‘ಸಾಕು’ಗೆ ಟವರ್ ನಿಂತಿತು.

ಕ್ಷಮೆ? ಟೀ ಕುಡಿಯುವಾಗ ಕೇಳೋಣ ಅಂದುಕೊಂಡೆ. ಟೀ ಮುಗಿಯಿತು. ನಾನು ಕೇಳಲಿಲ್ಲ.

ರಾಮಾಂಜಿ ರೇಡಿಯೋ ಹಚ್ಚಿ, ಮೈಕನ್ನು ನನ್ನ ಕೈಗೇ ಕೊಟ್ಟ. ಮಂಗಳೂರಿನ ಹ್ಯಾಮ್ ಒಬ್ಬರು ಸಿಕ್ಕರು. ‘‘ನಿಮ್ಮ ಮಾತು ಬಹಳ ಸ್ಪಷ್ಟವಾಗಿದೆ. ಟವರ್ ಯಾರು ನಿಲ್ಲಿಸಿದ್ದು?’’

‘‘ನಾನೇ’’ ಅಂದೆ.

ಕಿಟಕಿಯಾಚೆ ಹಗ್ಗ ಸುತ್ತುತ್ತಿದ್ದ ಗೋವಿಂದಪ್ಪನವರಿಗೆ ಇದಂತೂ ತಪ್ಪಾಗಿ ಕೇಳಿಸಿರಲಾರದು, ಅಲ್ಲವೇ?