ಗೋಡೆಯ ತನಕ ಸವೆದ ದಾರಿ

ಕಾರ್ಪೆಟ್ ಹಾಸುವ ಆ ಹೆಂಗಸನ್ನು ಎಲ್ಲರೂ ಮಂಡಿಯಕ್ಕ ಅಂತಲೇ ಕರೆಯುತ್ತಿದ್ದರು. ಕೆಲಸವೇ ಹಾಗೆ. ಬೆಳಗ್ಗೆ ಮಂಡಿಯೂರಿದರೆ ಸಂಜೆಗೇ ಏಳುವುದು. ಕಾರ್ಪೆಟ್ಟಿಗೆ ಹಲ್ಲು ಕಚ್ಚಿಸಿ, ಹಿಂದಿನಿಂದ ಮಂಡಿಯಲ್ಲಿ ಗುದ್ದಿ ಗುದ್ದಿ ಗೋಡೆಯಂಚಿಗೆ ಎಳೆದು ಕೂರಿಸುವ ಸಲಕರಣೆ ಅವಳದು. ಅದನ್ನು ಗಂಡ ಕಲಿಸಿದ್ದ. ಅವನ ಬೆನ್ನು ಕೈಕೊಟ್ಟ ಮೇಲೆ ಪೆಟ್ಟಿಗೆ ಸಮೇತ ಕಸುಬೂ ಇವಳದಾಯಿತು. "ದೇವರ ಮುಂದೆ ಇಷ್ಟು ಹೊತ್ತು ಮಂಡಿಯೂರಿದ್ದರೆ ಎಂದೋ ಪ್ರತ್ಯಕ್ಷ ಆಗಿಬಿಡ್ತಿದ್ದ" ಅಂತ ನಗುತ್ತಿದ್ದಳು.

ಹಳೆಯ ಕಾರ್ಪೆಟ್ ಕಿತ್ತರೆ ಮನೆಯವರ ಜಾತಕವೇ ಅವಳ ಕೈಗೆ ಸಿಕ್ಕಂತೆ. ಯಾರು ಕಾಲೆಳೆದು ನಡೆಯುತ್ತಾರೆ, ಯಾರು ಯಾವ ಕುರ್ಚಿ ಬಿಟ್ಟು ಏಳುವುದಿಲ್ಲ, ಮಕ್ಕಳು ಎಷ್ಟನೇ ಮೆಟ್ಟಿಲಿನಿಂದ ಧುಮುಕುತ್ತಾರೆ, ಎಲ್ಲ ಅದರಲ್ಲಿರುತ್ತಿತ್ತು. ನೋಡಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದೂ ಕೆಲಸದ ಭಾಗ ಅಂತ ಅವಳು ತಿಳಿದಿದ್ದಳು.

ಒಮ್ಮೆ ಶಾಲೆಯ ಬಸ್ಸು ಓಡಿಸುವ ಹೆಂಗಸೊಬ್ಬಳು ಅವಳನ್ನು ಕರೆಸಿದಳು. ಅವರು ಆ ಮನೆ ಕೊಂಡು ಬಂದು ಹೆಚ್ಚು ದಿನವಾಗಿರಲಿಲ್ಲ. ಗಂಡ ಬೇಕರಿಯಲ್ಲಿ, ಮನೆ ತುಂಬ ಮಕ್ಕಳು, ಒಬ್ಬ ಅತ್ತೆ, ಒಂದು ನಾಯಿ. ನಡುಮನೆಯೆಂದರೆ ಸಂತೆ.

"ನಂಗೆ ಅಂದಚಂದ ಆಮೇಲೆ ಅಕ್ಕಾ" ಅಂದಳು ಬಸ್ಸಿನವಳು. "ಇವರ ತುಳಿತಕ್ಕೆ ತಡೀಬೇಕು. ಅತ್ತೆ ಕಾಲಿಗೆ ಮೆತ್ತಗಿರಬೇಕು. ಚಿಕ್ಕವಳು ಹಾಲು ಚೆಲ್ಲಿದ್ರೆ ನನ್ನ ಜೀವ ಹೋಗಬಾರದು."

ಮಂಡಿಯಕ್ಕ ಮಾದರಿ ತುಂಡುಗಳನ್ನು ಹರಡಿದಳು. ಬಸ್ಸಿನವಳ ಕೈ ನೇರವಾಗಿ ಎಳೆ ಉದ್ದವಿದ್ದ, ಬೆಕ್ಕಿನ ಮರಿಯಂಥ ತುಂಡಿನ ಮೇಲೆ ಹೋಯಿತು.

"ಅದು ಅಂಗಡೀಲಿ ಮಾತ್ರ ಹಾಗಿರತ್ತೆ ತಾಯಿ. ನಿಮ್ಮನೇಲಿ ತಿಂಗಳಿಗೆ ಮಲಗಿಬಿಡತ್ತೆ. ಇದನ್ನ ಮಡಿಚಿ ನೋಡಿ, ಬುಡದ ಬಟ್ಟೆ ಕಾಣ್ತಾ ಇದೆ ಅಲ್ವಾ? ಅಂದ್ರೆ ಎಳೆ ವಿರಳ. ಈ ಗಿಡ್ಡ ಎಳೇದು ನೋಡಿ. ಉಣ್ಣೆ ಜೊತೆ ನೈಲಾನ್ ಸೇರಿಸಿದ್ದಾರೆ, ಒತ್ತಾಗಿದೆ. ಹೆಬ್ಬೆರಳಲ್ಲಿ ಒತ್ತಿ ಬಿಡಿ... ಎದ್ದು ನಿಂತಿತಾ? ಅಷ್ಟೇ ಬೇಕಾಗಿರೋದು. ಕುಣಿಕೆ ಎಳೇದು ಬೇಡ, ನಾಯಿ ಉಗುರು ಸಿಕ್ಕಿಕೊಳ್ಳತ್ತೆ. ಬಣ್ಣ ಚುಕ್ಕೆಚುಕ್ಕೆಯದಿರಲಿ, ಕೊಳೆ ಕಾಣದೆ ಮರ್ಯಾದೆ ಉಳಿಯತ್ತೆ. ಇನ್ನು ಮೆತ್ತಗಿರೋದು ಬರೋದು ಕಾರ್ಪೆಟ್ ಕೆಳಗೆ ಹಾಕೋ ಅಡಿಹಾಸಿನಿಂದ. ಅದರಲ್ಲಿ ಮಾತ್ರ ಜಿಪುಣತನ ಬೇಡ."

ಮೂಲೆಯಲ್ಲಿ ಕೂತಿದ್ದ ಅತ್ತೆ ಆ ತುಂಡಿನ ಮೇಲೆ ಪಾದ ಇಟ್ಟು ನೋಡಿ, "ಸೊಸೆ ಮಾತಿಗಿಂತ ಮೆತ್ತಗಿದೆ, ತಗೊಳ್ಳಿ" ಅಂದಳು. ಆಯ್ಕೆ ಮುಗಿಯಿತು.

ಹಾಸುವ ದಿನ ಮಂಡಿಯಕ್ಕ ಹಳೆಯದನ್ನು ಕೀಳುವ ಮುಂಚೆ ಎಂದಿನಂತೆ ಒಮ್ಮೆ ಕಣ್ಣಾಡಿಸಿದಳು. ಸವೆದ ದಾರಿಯೊಂದು ಅಡುಗೆಮನೆ ಬಾಗಿಲಿನಿಂದ ಹೊರಟಿತ್ತು. ಅದು ಮೆಟ್ಟಿಲಿನ ಕಡೆಗಾಗಲಿ, ಬೀದಿ ಬಾಗಿಲಿನ ಕಡೆಗಾಗಲಿ ತಿರುಗದೆ ಕೋಣೆಯನ್ನು ಅಡ್ಡ ಹಾಯ್ದು, ನೇರವಾಗಿ ಬರೀ ಗೋಡೆಗೆ ಹೋಗಿ ನಿಂತಿತ್ತು. ಗೋಡೆಯ ಬುಡದಲ್ಲಿ ಅಕ್ಕಪಕ್ಕ ಎರಡು ಪಾದದಗಲದ ಗುಳಿ. ಬೆರಳುಗಳು ಗೋಡೆಯ ಕಡೆಗೆ.

ಜನ ಗೋಡೆಯತ್ತ ನಡೆಯುವುದಿಲ್ಲ. ಅಲ್ಲಿ ಬೀರು ಇದ್ದಿರಬಹುದು ಅಂದುಕೊಂಡಳು. ಆದರೆ ಬೀರು ಇದ್ದಲ್ಲಿ ಚೌಕ ಕಾಲಿನ ಗುರುತು ಉಳಿಯಬೇಕಿತ್ತು. ಕಾರ್ಪೆಟ್ ಸುತ್ತಿಟ್ಟು ಅಡಿಹಾಸು ಎತ್ತಿದಳು. ಅದೂ ಅದೇ ಸಾಲಿನಲ್ಲಿ ಪುಡಿಯಾಗಿತ್ತು. ಅದರ ಕೆಳಗಿನ ಮರದ ಹಲಗೆ ಅದೇ ಸಾಲಿನಲ್ಲಿ ಗಾಜಿನ ಹಾಗೆ ನುಣುಪಾಗಿತ್ತು. ಕೈಯಿಟ್ಟಳು. ಬೆಚ್ಚಗಿತ್ತು. ಅಲ್ಲಿ ಬಿಸಿಲು ಬೀಳುತ್ತಿರಲಿಲ್ಲ. ಯಾರಿಗೂ ಏನೂ ಹೇಳದೆ ಹೊಸದನ್ನು ಹಾಸಿ, ಅಂಚು ಕೂರಿಸಿ, ಮನೆಗೆ ಹೋದಳು.

ಕೆಲವು ವಾರ ಕಳೆದ ಮೇಲೆ ಬಸ್ಸಿನವಳ ಫೋನ್ ಬಂತು. "ಅಕ್ಕಾ, ಮಾಲು ಸರಿಯಿಲ್ಲ ಅನ್ಸತ್ತೆ. ಒಂದು ಕಡೆ ಆಗಲೇ ಮಲಗಿಬಿಟ್ಟಿದೆ."

ಎಲ್ಲಿ ಅಂತ ಕೇಳುವ ಅಗತ್ಯ ಮಂಡಿಯಕ್ಕನಿಗೆ ಬೀಳಲಿಲ್ಲ.

ಮಾರನೆಯ ಮಧ್ಯಾಹ್ನ ಹೋದಳು. ಮಕ್ಕಳು ಶಾಲೆಯಲ್ಲಿ, ಬೇಕರಿಯವನು ಕೆಲಸದಲ್ಲಿ. ನಾಯಿ ಮೆಟ್ಟಿಲ ಮೇಲೆ ಕೂತಿತ್ತು, ಕೆಳಗೆ ಇಳಿಯುತ್ತಿರಲಿಲ್ಲ. ಮಂಡಿಯಕ್ಕ ಬಾಚಣಿಗೆಯಿಂದ ಆ ಸಾಲಿನ ಎಳೆಗಳನ್ನೆಲ್ಲ ಬಾಚಿ ಎಬ್ಬಿಸಿದಳು. ಎದ್ದು ನಿಂತವು. "ಮಾಲು ಚೆನ್ನಾಗೇ ಇದೆ. ಯಾರೋ ಓಡಾಡ್ತಿದ್ದಾರೆ."

"ಯಾರು ಓಡಾಡ್ತಾರೆ ಅಕ್ಕಾ ಗೋಡೆಗೆ?"

ಅತ್ತೆ ಕುರ್ಚಿಯಿಂದಲೇ, "ದಿನಾ ಈ ಹೊತ್ತಿಗೆ ಒಬ್ಬಳು ಬರ್ತಾಳೆ. ಸುಮ್ಮನೆ ಕೂತ್ಕೊಳ್ಳಿ. ಹೇಳಿದ್ರೆ ಮುದುಕಿಗೆ ಅರಳುಮರಳು ಅಂತೀರಿ ಅಂತ ಬಾಯಿ ಮುಚ್ಕೊಂಡಿದ್ದೆ" ಅಂದಳು.

ಮೂವರೂ ಕೂತರು. ಹೊರಗೆ ಯಾವುದೋ ಗಾಡಿ ಹಾದುಹೋಯಿತು. ಆಮೇಲೆ ಅಡುಗೆಮನೆ ಬಾಗಿಲ ಹತ್ತಿರ ಎಳೆಗಳು ತಗ್ಗಿದವು. ಒಂದು ಪಾದದಷ್ಟು. ಅದರ ಮುಂದೆ ಇನ್ನೊಂದು. ಸದ್ದಿಲ್ಲ, ನೆರಳಿಲ್ಲ. ಅವಸರವೂ ಇಲ್ಲ. ಕೈಯಲ್ಲಿ ತುಂಬಿದ ಪಾತ್ರೆ ಹಿಡಿದವರ ನಡಿಗೆಯಂತೆ ಒಂದೊಂದೇ ಹೆಜ್ಜೆ ಅವರ ಮುಂದೆಯೇ ಹಾದು ಗೋಡೆಯ ಬುಡ ತಲುಪಿತು. ಅಲ್ಲಿ ಎರಡು ಗುರುತು ಜೊತೆಯಾಗಿ ಇಳಿದವು, ಭಾರ ಬಿಟ್ಟು ನಿಂತವರಂತೆ ನಿಧಾನವಾಗಿ ಆಳವಾದವು.

ಬಸ್ಸಿನವಳು ಮಂಡಿಯಕ್ಕನ ತೋಳು ಹಿಡಿದವಳು ಬಿಡಲೇ ಇಲ್ಲ. ಮಂಡಿಯಕ್ಕನ ಮನಸ್ಸಿಗೆ ಬಂದದ್ದು ಒಂದೇ: ಇಷ್ಟು ವರ್ಷ ಒಂದೇ ಕಡೆ ನಿಲ್ಲುವವರು ಏನನ್ನೋ ನೋಡುತ್ತಿರುತ್ತಾರೆ. ಗುರುತು ಮಾಸಿದ ಮೇಲೆ ಧೈರ್ಯ ಮಾಡಿ ಹೋಗಿ ಗೋಡೆಗೆ ಬಡಿದಳು. ಟೊಳ್ಳು ಸದ್ದು.

ಆ ಭಾನುವಾರ ಬೇಕರಿಯವನು ಹಾರೆ ಹಿಡಿದ. ಗಾರೆಯ ಹಿಂದೆ ತೆಳು ಹಲಗೆ, ಅದರ ಹಿಂದೆ ಒಂದು ಕಿಟಕಿ. ಯಾರೋ ಎಂದೋ ಒಳಗೂ ಹೊರಗೂ ಹಲಗೆ ಬಡಿದು ಮುಚ್ಚಿಸಿದ್ದರು. ಹೊರಗಿನದನ್ನೂ ಕಿತ್ತು ಧೂಳು ಒರೆಸಿದರೆ ಬೀದಿ ಉದ್ದಕ್ಕೂ, ಅದು ತಿರುಗುವ ಕೊನೆಯವರೆಗೂ ಕಾಣುತ್ತಿತ್ತು. ಕಿಟಕಿಯ ಕೆಳಪಟ್ಟಿಯ ಮರದಲ್ಲಿ ಎರಡು ಸಣ್ಣ ತಗ್ಗು. ನೋಡಲು ಬಂದಿದ್ದ ಮಂಡಿಯಕ್ಕ ತನ್ನ ಮೊಣಕೈಗಳನ್ನು ಅವುಗಳಲ್ಲಿಟ್ಟು ನೋಡಿದಳು. ಸರಿಯಾಗಿ ಕೂತವು. ತಟ್ಟನೆ ತೆಗೆದುಬಿಟ್ಟಳು.

ಆಮೇಲೂ ಹೆಜ್ಜೆಗಳು ನಿಲ್ಲಲಿಲ್ಲ. ಬೇಕರಿಯವನು ಮನೆ ಮಾರೋಣ ಅಂದ. ಬಸ್ಸಿನವಳು ರಾತ್ರಿಯಿಡೀ ಯೋಚಿಸಿ ಬೆಳಗ್ಗೆ ಮಂಡಿಯಕ್ಕನಿಗೆ ಫೋನ್ ಮಾಡಿದಳು: "ಇಷ್ಟು ಜನ ಇದ್ದೀವಿ, ಇನ್ನೊಬ್ಬಳು ಹೆಚ್ಚೇನು? ಹೊತ್ತಿಗೆ ಸರಿಯಾಗಿ ಬರ್ತಾಳೆ, ಹಾಲು ಚೆಲ್ಲಲ್ಲ. ಇರಲಿ ಬಿಡಿ." ಮಕ್ಕಳಿಗೆ ಆ ಸಾಲು ತುಳಿಯಬೇಡಿ ಅಂತ ಹೇಳಿದರು. ಮಕ್ಕಳು ಸುತ್ತುಬಳಸಿ ಓಡುವುದನ್ನು ಕಲಿತರು. ಚಿಕ್ಕವಳು ಮಾತ್ರ ಒಂದು ದಿನ ಸ್ಟೂಲ್ ಎಳೆದುಕೊಂಡು ಹೋಗಿ ಕಿಟಕಿಯ ಪಕ್ಕ ನಿಂತಳು.

"ಅಲ್ಲೇನು ಮಾಡ್ತಿದೀಯ ಪುಟ್ಟಿ?" ಅಜ್ಜಿ ಕೇಳಿದಳು.

"ಅವಳಿಗೆ ಕಣ್ಣು ಮಂಜು ಅಜ್ಜಿ. ಯಾರಾದ್ರೂ ಬಂದ್ರೆ ಹೇಳು ಅಂದಿದ್ದಾಳೆ."

ಅಜ್ಜಿ ತನ್ನ ಕುರ್ಚಿಯನ್ನೂ ಕಿಟಕಿಯ ಕಡೆಗೆ ತಿರುಗಿಸಿಕೊಂಡಳು.

ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ ಚಿಕ್ಕವಳು ಸ್ಟೂಲಿನಿಂದ ಕೂಗಿದಳಂತೆ, "ಬಂದ್ರು!" ಅಂತ. ಬಸ್ಸಿನವಳು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಬೀದಿ ಬಾಗಿಲು ಹಾರು ಹೊಡೆದಿತ್ತು. ಹೊರಗೆ ನೋಡಿದರೆ ನರಪಿಳ್ಳೆಯೂ ಇರಲಿಲ್ಲ. ಅವಳು ತಕ್ಷಣ ಮಂಡಿಯಕ್ಕನನ್ನು ಕರೆಸಿದಳು. ಕಿಟಕಿಯಿಂದ ಬಾಗಿಲಿನ ಕಡೆಗೆ ಹಿಂದೆಂದೂ ಇಲ್ಲದ ಗುರುತುಗಳು ಬಿದ್ದಿದ್ದವು, ದೂರ ದೂರ. ಮಂಡಿಯಕ್ಕ ಅವುಗಳ ಪಕ್ಕ ಕೂತು ಬೆರಳಾಡಿಸಿದಳು.

"ಹಿಮ್ಮಡಿ ಊರೇ ಇಲ್ಲ ನೋಡಿ" ಅಂದಳು. "ಓಡಿದ್ದಾಳೆ."

ಹೊಸ್ತಿಲಾಚೆ ಕಲ್ಲಿನ ಮೆಟ್ಟಿಲು. ಅದರ ಮೇಲೆ ಗುರುತು ಉಳಿಯುವಂತಿರಲಿಲ್ಲ. ಬಸ್ಸಿನವಳು ಬಾಗಿಲಲ್ಲಿ ನಿಂತು, ಕಾರಣ ತಿಳಿಯದೆ, ಅತ್ತಳು. ಮುಂದೆ ಆ ಹೆಜ್ಜೆಗಳು ಬರಲಿಲ್ಲ.

ಯಾರು ಬಂದದ್ದು ಅಂತ ಚಿಕ್ಕವಳನ್ನು ಎಷ್ಟೋ ಸಲ ಕೇಳಿದರು. "ಟೋಪಿ ಹಾಕ್ಕೊಂಡಿದ್ರು" ಅನ್ನುವುದೊಂದೇ ಅವಳ ಉತ್ತರ. ದೊಡ್ಡವಳಾದಂತೆ ಅದನ್ನೂ ಮರೆತಳು.

ವರ್ಷಗಳ ಮೇಲೆ ಮೆಟ್ಟಿಲ ಕಾರ್ಪೆಟ್ ಬದಲಿಸಲು ಮಂಡಿಯಕ್ಕ ಮತ್ತೆ ಆ ಮನೆಗೆ ಹೋದಳು. ಅಷ್ಟು ಹೊತ್ತಿಗೆ ಅತ್ತೆಯ ಕುರ್ಚಿ ಖಾಲಿಯಾಗಿತ್ತು, ಹುಡುಗರಿಗೆ ಮೀಸೆ ಬಂದಿತ್ತು. ನಡುಮನೆಯ ಕಾರ್ಪೆಟ್ ಅವಳು ಹೇಳಿದ ಹಾಗೆ ತಡೆದುಕೊಂಡು, ಎಲ್ಲ ಕಡೆ ಒಂದೇ ಸಮ ಮಾಸಿತ್ತು. ಒಂದು ಕಡೆ ಬಿಟ್ಟು. ಅಡುಗೆಮನೆ ಬಾಗಿಲಿನಿಂದ ಕಿಟಕಿಯವರೆಗೆ ಒಬ್ಬರು ನಡೆಯುವಷ್ಟು ಅಗಲಕ್ಕೆ ಎಳೆಗಳು ಈಗಷ್ಟೇ ಸುರುಳಿ ಬಿಚ್ಚಿದಂತೆ ನಿಂತಿದ್ದವು.

"ಈಗ ತುಳೀಬಹುದಲ್ವಾ?" ಅಂದಳು ಮಂಡಿಯಕ್ಕ.

"ಅಭ್ಯಾಸ ಆಗಿಬಿಟ್ಟಿದೆ ಅಕ್ಕಾ" ಅಂದಳು ಬಸ್ಸಿನವಳು, ಸುತ್ತುಬಳಸಿ ಹೋಗಿ ಕಿಟಕಿ ತೆರೆಯುತ್ತಾ.