ಹಾಲುಕ್ಕುವಷ್ಟು ಹೊತ್ತು

ನನ್ನ ಮಗಳಿಗೆ ಹುಟ್ಟಿದಾಗಿನಿಂದ ಎಡಗೆನ್ನೆಯಿಂದ ಹಣೆಯವರೆಗೆ ನೇರಳೆ ಮಚ್ಚೆ. ಅಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಹೆಣೆದುಕೊಂಡಿವೆ, ಮಿದುಳಿನ ಮೇಲೂ ಹಾಗೇ, ಅದಕ್ಕೇ ಆಗಾಗ ಫಿಟ್ಸ್ ಎಂದು ಡಾಕ್ಟರು ಹೇಳಿದ್ದಾರೆ. ಅತ್ತೆಯ ಪ್ರಕಾರ, ಬಸುರಿಯಾಗಿದ್ದಾಗ ನಾನು ಗ್ರಹಣದ ಹೊತ್ತಿನಲ್ಲಿ ಬೀಟ್ರೂಟ್ ಹೆಚ್ಚಿದ್ದೇ ಕಾರಣ. ಅದು ಕ್ಯಾರೆಟ್ ಎಂದು ಹದಿಮೂರು ವರ್ಷದಿಂದ ತಿದ್ದುತ್ತಿದ್ದೇನೆ.

ಪ್ರತಿ ಸಲವೂ ಡಾಕ್ಟರು ಮೊದಲು ಕೇಳುವುದು, ಫಿಟ್ಸ್ ಎಷ್ಟು ನಿಮಿಷ ಇತ್ತು ಎಂದು. ಐದು ದಾಟಿದರೆ ಮಾತ್ರೆ ಹೆಚ್ಚಿಸುತ್ತಾರೆ. ಹಿಂದೊಮ್ಮೆ ಹೆಚ್ಚಿಸಿದಾಗ ಹುಡುಗಿ ತಿಂಗಳಿಡೀ ಕ್ಲಾಸಿನಲ್ಲಿ ಬೆಂಚಿಗೆ ತಲೆಯಿಟ್ಟು ಮಲಗಿದ್ದಳು.

ಮೊನ್ನೆ ನಾನು ರೇಷನ್ ಅಂಗಡಿಗೆ ಹೋಗಿದ್ದಾಗಲೇ, ಮೂಕಂಡಪಲ್ಲಿಯ ನಮ್ಮ ವಠಾರದ ಅಂಗಳದಲ್ಲಿ ಅವಳಿಗೆ ಫಿಟ್ಸ್ ಬಂತು. ನಾನು ಓಡಿಬರುವಷ್ಟರಲ್ಲಿ ಎದ್ದು ಕೂತಿದ್ದಳು, ಮಡಿಲ ತುಂಬ ಬೀಗದಕೈ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ಐದೂ ಮನೆಯವರು ತಮ್ಮ ತಮ್ಮ ಗೊಂಚಲು ತಂದು ತುರುಕಿದ್ದರು. ಗಡಿಯಾರ ಮಾತ್ರ ಯಾರೂ ನೋಡಿರಲಿಲ್ಲ.

"ಎಷ್ಟೊತ್ತಿತ್ತು?" ಎಂದೆ.

"ಅರ್ಧ ಗಂಟೆ ಕಣಮ್ಮಾ," ಎಂದರು ಅತ್ತೆ.

"ಅಜ್ಜೀ, ನಿನ್ ಸೀರಿಯಲ್ಲೇ ಅರ್ಧ ಗಂಟೆ ಬರೋದು," ಎಂದಳು ಮಗಳು, ತೊದಲುತ್ತಲೇ.

ಪಕ್ಕದ ಮನೆಯಾಕೆ ಮುಂದೆ ಬಂದಳು. "ಇಲ್ಲಕ್ಕಾ. ನಾನು ಹಾಲು ಕಾಯೋಕಿಟ್ಟೆ, ಇವ್ಳು ಬಿದ್ದ ಸದ್ದಾಯ್ತು, ಓಡ್ಬಂದೆ. ಇವ್ಳು ಕಣ್ಬುಟ್ಟ ಮೇಲೆ ವಾಪಸ್ ಓಡಿದ್ರೆ ಆಗ ತಾನೇ ಉಕ್ಕೋಕೆ ಸುರುವಾಗಿತ್ತು."

ಸರಿ, ಎಲ್ಲರೂ ಅವಳ ಅಡುಗೆಮನೆಗೆ ನುಗ್ಗಿದೆವು. ಅದೇ ಪಾತ್ರೆ, ಅದೇ ಫ್ರಿಜ್ಜಿನ ಹಾಲು, ಅಷ್ಟೇ ಅಳತೆ. ನಾನು ಮೊಬೈಲಿನಲ್ಲಿ ನಿಮಿಷ ಎಣಿಸುತ್ತಾ ನಿಂತೆ.

"ಉರಿ ಇನ್ನೊಸಿ ದೊಡ್ಡದಿರ್ಬೇಕು," ಎಂದಳು ಎದುರು ಮನೆಯಾಕೆ.

"ಸುಮ್ನಿರೇ, ನನ್ ಒಲೆ ನಂಗೊತ್ತಿಲ್ವಾ?"

ನಾಲ್ಕು ನಿಮಿಷವಾದರೂ ಹಾಲು ಮಿಸುಕಲಿಲ್ಲ. ಐದಕ್ಕೆ ಇನ್ನೊಂದೇ ನಿಮಿಷ. ನಾಲ್ಕೂವರೆಗೆ ಅಂಚಿನಲ್ಲಿ ನೊರೆ ಕಾಣಿಸಿತು.

"ಏಳ್ಲಾ, ಬೇಗ ಏಳ್ಲಾ!" ಎಂದು ಅತ್ತೆ ಹಾಲನ್ನೇ ಗದರಿದರು.

ನಾಲ್ಕು ನಿಮಿಷ ನಲವತ್ತು ಸೆಕೆಂಡಿಗೆ ಉಕ್ಕಿ ಒಲೆಯೆಲ್ಲ ಹರಿಯಿತು. ಐದೂ ಮನೆಯವರು ಚಪ್ಪಾಳೆ ತಟ್ಟಿದರು.

ಡಾಕ್ಟರು ಪೂರ್ತಿ ಕೇಳಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಇನ್ನು ಮೇಲೆ ಕಬ್ಬಿಣ ಗಿಬ್ಬಿಣ ಬೇಡ, ಒಂದು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಿ ಎಂದರು. ಮಾತ್ರೆ ಹೆಚ್ಚಿಸಲಿಲ್ಲ.

ಆ ವಾರವೇ ಶಾಲೆಯ ಡೈರಿಯಲ್ಲಿ ಟೀಚರ ದೂರು ಬಂತು: ಗಣಿತದ ಪೀರಿಯಡ್ಡಿನಲ್ಲಿ ಬಾಯಿ ಮುಚ್ಚುವುದೇ ಇಲ್ಲ. ಓದಿ, ಒಂದು ಸಾಲದೆಂದು ಎರಡು ಸಹಿ ಹಾಕಿ ಕಳಿಸಿದೆ.