ಗಂಗರತ್ನಮ್ಮ ಬಾಗಿಲಿಗೆ ನೀರು ಹಾಕದ ದಿನ

ಕೋದಂಡರಾಮಪ್ಪ ಮನೆ ಕೊಳ್ಳುತ್ತಿದ್ದುದು ವಾಸಕ್ಕಲ್ಲ, ಮಾರುವುದಕ್ಕೆ. ಮಾಲೂರಿನಲ್ಲಿ ಒಂದು, ಶ್ರೀನಿವಾಸಪುರದಲ್ಲಿ ಒಂದು ಮಾರಿ, ಎಪ್ಪತ್ತೇಳರಲ್ಲಿ ಮುಳಬಾಗಿಲಿಗೆ ಬಂದ. ಕೆಲಸ ರೇಷ್ಮೆಗೂಡಿನ ದಲ್ಲಾಳಿತನ. ಹುಚ್ಚು ಮಾತ್ರ ಹಳೇ ಮನೆಗಳದು. ಸೋವಿಗೆ ಸಿಕ್ಕ ಮುರುಕು ಮನೆ ಹಿಡಿಯುವುದು, ಅದರ ಬೀದಿ ಕಡೆಯ ಗೋಡೆಯನ್ನು ಮದುಮಗನ ಹಾಗೆ ಸಿಂಗರಿಸುವುದು, ಗಿರಾಕಿ ಒಪ್ಪಿದ ಕೂಡಲೇ ಹೆಂಡತಿಗೆ ಗಂಟು ಕಟ್ಟು ಅನ್ನುವುದು.

"ಮನೆ ಮಾರೋದು ಮುಖದಿಂದ ಕಣೇ, ಅಡಿಗೆಮನೆಯಿಂದಲ್ಲ" ಅನ್ನುತ್ತಿದ್ದ. ಆದ್ದರಿಂದ ಅವನ ಯಾವ ಮನೆಯಲ್ಲೂ ಅಡಿಗೆಮನೆಗೆ ಒಂದು ಹೊಸ ಹೆಂಚು ಬೀಳಲಿಲ್ಲ. ಮಳೆ ಬಂದರೆ ಹೆಂಡತಿ ಗಂಗರತ್ನಮ್ಮ ಒಲೆಯ ಪಕ್ಕದಲ್ಲಿ ಪಾತ್ರೆಗಳನ್ನು ಸಾಲಾಗಿ ಇಟ್ಟು, ಅವುಗಳ ನಡುವೆ ಕುಣಿಯುತ್ತ ಮುದ್ದೆ ತೊಳಸುತ್ತಿದ್ದಳು.

ಅವಳ ಬಳಿ ತವರಿಂದ ತಂದ ಹೊಲಿಗೆ ಮಿಷನ್ ಇತ್ತು. ಪ್ರತಿ ಊರಿನಲ್ಲೂ ಅದನ್ನು ಜಗಲಿಯ ಮೇಲೆ ಇಟ್ಟು ರವಿಕೆ ಹೊಲಿಯುತ್ತಿದ್ದಳು. ಹೆಂಗಸರಿಗೆ ಅವಳ ಕೈ ಗುರುತಾಗಿ, ಅವಳ ಕೈಗೆ ಅವರ ಮೈ ಗುರುತಾಗುವ ಹೊತ್ತಿಗೆ ಮನೆ ಮಾರಾಟವಾಗಿರುತ್ತಿತ್ತು. ಮತ್ತೆ ಹೊಸ ಊರು, ಮತ್ತೆ ಮೊದಲಿಂದ. ಮುಳಬಾಗಿಲಿನಲ್ಲಿ ಮಾತ್ರ ಬೇರು ಹಿಡಿಯಿತು. ದೇವರಾಯಸಮುದ್ರದಿಂದಲೂ ರವಿಕೆ ಕಣ ಹಿಡಿದು ಬರುತ್ತಿದ್ದರು. ಈ ಜಗಲಿಯನ್ನು ಬಿಟ್ಟು ತಾನು ಏಳುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು. ಗಂಡನಿಗೆ ಹೇಳಿಯೂ ನೋಡಿದ್ದಳು. ಅವನು ಆಗ ಗಿಳಿಗಳನ್ನು ನೋಡುತ್ತಿದ್ದ.

ಗಾರೆ ಕೆಲಸದ ಸೊಣ್ಣಪ್ಪ ತಾರಸಿಯ ಅಂಚಿಗೆ ಸಿಮೆಂಟಿನ ಜೋಡಿ ಗಿಳಿ ಕೂರಿಸಿದ್ದ. ಎಷ್ಟು ಹಸಿರು ಬಳಿದರೂ ಅವು ಕಾಮಾಲೆ ಹಿಡಿದ ಕಾಗೆಗಳ ಹಾಗೇ ಕಾಣುತ್ತಿದ್ದವು. ಅವುಗಳ ಕೆಳಗೆ ತಿಳಿನೀಲಿ ಗೋಡೆ, ಕಬ್ಬಿಣದ ಗೇಟು, ಮುಖ ಕಾಣುವಷ್ಟು ಮಿರುಗುವ ಕೆಂಪು ಗಾರೆಯ ಜಗಲಿ. ಹಸಿ ಗಾರೆಯ ಮೇಲೆ ಗೋಣಿಚೀಲ ಹೊದಿಸಿ ಬಾವಿಯಿಂದ ನೀರು ಹೊತ್ತು ಹಾಕಿದವಳು, ಕೆಲಸದವರಿಗೆ ಹೊತ್ತು ಹೊತ್ತಿಗೆ ಕಾಫಿ ಕೊಟ್ಟವಳು, ಕೊಬ್ಬರಿ ಎಣ್ಣೆ ಹಚ್ಚಿ ಜಗಲಿ ಉಜ್ಜಿದವಳು ಯಾರು ಅಂತ ಬೇರೆ ಹೇಳಬೇಕಿಲ್ಲ.

ಗೌನಿಪಲ್ಲಿಯ ಮಾವಿನ ತೋಟದ ಚನ್ನರಾಯಪ್ಪ, ತಾಯಿಯನ್ನು ಕರೆದುಕೊಂಡು ಮನೆ ನೋಡಲು ಬರುತ್ತೇನೆಂದು ಹೇಳಿ ಕಳಿಸಿದ. ಹಿಂದಿನ ದಿನ ಊಟಕ್ಕೆ ಕೂತ ಕೋದಂಡರಾಮಪ್ಪ, ಯಾವುದರಿಂದ ಎಷ್ಟು ಬೆಲೆ ಏರುತ್ತದೆಂದು ಖುಷಿಯಲ್ಲಿ ಹೇಳುತ್ತಾ ಹೋದ. ಗೇಟಿನದು ಇಷ್ಟು, ಗಾರೆಯದು ಇಷ್ಟು, ಗಿಳಿಗಳದು ಇಷ್ಟು.

"ನಂದೆಷ್ಟು?" ಅಂದಳು ಗಂಗರತ್ನಮ್ಮ.

"ನಿಂದೇನೇ? ಬೆಳಿಗ್ಗೆ ಎದ್ದು ಬಾಗಿಲಿಗೆ ಎರಡು ಚೊಂಬು ನೀರು ಚೆಲ್ತೀಯ, ಒಂದು ಹಿಡಿ ರಂಗೋಲಿ ಹಾಕ್ತೀಯ. ಅದಕ್ಯಾರು ಬೆಲೆ ಕಟ್ತಾರೆ? ಸಾರು ಹಾಕು."

ಅವಳು ಸಾರು ಹಾಕಿದಳು.

ಮರುದಿನ ಎದ್ದವಳು ಪೊರಕೆ ಮುಟ್ಟಲಿಲ್ಲ. ಬೆಲೆಯಿಲ್ಲದ ಕೆಲಸಕ್ಕೆ ಸೊಂಟ ಯಾಕೆ ಬಗ್ಗಿಸಬೇಕು? ಕಾಫಿ ಬೆರೆಸಿಕೊಂಡು ನಡುಮನೆಯಲ್ಲಿ ಕೂತು, ಒಂದು ರವಿಕೆಯ ತೋಳಿಗೆ ನೆರಿಗೆ ಹಿಡಿಯತೊಡಗಿದಳು. ಬೆಳಗಾದ ಮೇಲೂ ಬಾಗಿಲು ಬರಿದಾಗಿದ್ದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ಆ ಮನೆಯಲ್ಲಿ ಸಾವಾಗಿದೆ. ಇದು ಅವಳಿಗೆ ಹೊಳೆದಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಇಷ್ಟೆಲ್ಲ ಆಗುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಕೋದಂಡರಾಮಪ್ಪ ಹಿತ್ತಲ ಬಾಗಿಲಿನಿಂದ ಸೈಕಲ್ ತೆಗೆದು ಕ್ಷೌರಕ್ಕೆ ಹೋಗಿದ್ದ. ಮೊದಲ ಬಸ್ಸಿಗೆ ಚನ್ನರಾಯಪ್ಪನ ಜೊತೆ ಬಂದ ಅವನ ತಾಯಿ ದೊಡ್ಡಮುನಿಯಮ್ಮ ಗೇಟಿನ ಮುಂದೆ ಗಕ್ಕನೆ ನಿಂತಳು.

"ಅಯ್ಯೋ ದೇವುಡಾ! ನೀರಿಲ್ಲ, ರಂಗೋಲಿಯಿಲ್ಲ. ಯಾರೋ ಹೋಗ್ಬಿಟ್ಟವ್ರೆ ಕಣೋ!"

ಎದುರುಮನೆಯ ಬೈರಮ್ಮ ಕಿಟಕಿಯಿಂದ ಇಣುಕಿದಳು. ಬರಿದಾದ ಬಾಗಿಲು ನೋಡಿದಳು. ದಿನಾ ಈ ಹೊತ್ತಿಗೆ ಗೇಟಿಗೆ ಒರಗಿರುತ್ತಿದ್ದ ಸೈಕಲ್ ಇಲ್ಲದ್ದನ್ನೂ ನೋಡಿದಳು. ಸೈಕಲ್ಲಿಗೂ ಸಾವಿಗೂ ಏನು ಸಂಬಂಧವೋ, ಎದೆ ಬಡಿದುಕೊಂಡು ಬೀದಿಗೆ ಬಂದಳು.

"ನೆನ್ನೆ ಸಂಜೆ ಗಿಳಿಗೆ ಬಣ್ಣ ಬಳೀತಿದ್ನಲ್ಲಮ್ಮಾ! ಎಂಥಾ ಮನುಷ್ಯ! ಒಂದು ದಿನ ಜೋರಾಗಿ ಮಾತಾಡಿದೋನಲ್ಲ!"

ಅವನ ಕೂಗು ದಿನಾ ಕೇಳುತ್ತಿದ್ದ ಬೀದಿಯವರೆಲ್ಲ ಹೌದು ಹೌದು ಎಂದು ಕಣ್ಣೊರೆಸಿಕೊಂಡರು. ಬೈರಮ್ಮನ ಗಂಡ ಆಗಲೇ ಚಟ್ಟದ ಬಿದಿರಿಗೆ ಹೇಳಿ ಕಳಿಸಿಯಾಗಿತ್ತು.

ಆ ಹೊತ್ತಿಗೆ ಕೋದಂಡರಾಮಪ್ಪ ನುಣ್ಣಗೆ ಗಡ್ಡ ಹೆರೆಸಿಕೊಂಡು, ಪೌಡರ್ ಹಾಕಿಕೊಂಡು ಬೀದಿಗೆ ತಿರುಗಿದ. ತನ್ನ ಬಾಗಿಲಲ್ಲಿ ಜನ, ಬೈರಮ್ಮನ ಅಳು, ಒಣಗಿದ ನೆಲ. ಮನೆಯಲ್ಲಿ ಇರುವವರೇ ಇಬ್ಬರು, ತಾನು ಇಲ್ಲಿದ್ದೇನೆ. ಸೈಕಲ್ ಚರಂಡಿಗೆ ಬಿತ್ತು.

"ರತ್ನಾ! ನನ್ನ ಬಿಟ್ಟು ಹೋದ್ಯೇನೇ!"

ಪೌಡರ್ ಹಚ್ಚಿದ ಆ ಬಿಳಿ ಮುಖ ನೋಡಿ ಬೈರಮ್ಮ ಕಿರುಚಿ ಚನ್ನರಾಯಪ್ಪನನ್ನೇ ತಬ್ಬಿಕೊಂಡಳು. ಕೋದಂಡರಾಮಪ್ಪ ಅಳುತ್ತಾ ಒಳಗೆ ನುಗ್ಗಿದ. ಗಂಗರತ್ನಮ್ಮ ಬಾಯಲ್ಲಿದ್ದ ದಾರ ಕಡಿದು ತಲೆಯೆತ್ತಿದಳು.

"ಕ್ಷೌರ ಆಯ್ತೇನ್ರೀ?"

ಅವನಿಗೆ ನಗುವೂ ಬಂತು, ಬಿಕ್ಕಳಿಕೆಯೂ ಬಂತು, ಕೊನೆಗೆ ಕೋಪ ಬಂತು. "ಬಾಗಿಲಿಗೆ ನೀರು ಯಾಕೆ ಹಾಕಿಲ್ವೇ?"

"ಅದಕ್ಕೆ ಬೆಲೆ ಇಲ್ಲ ಅಂದ್ರಲ್ಲ. ಬೆಲೆ ಇರೋ ಗಿಳಿ ಅಲ್ಲೇ ಕೂತಿವೆ, ನೋಡಿ."

ಹೊಸ್ತಿಲಲ್ಲಿ ನಿಂತಿದ್ದ ದೊಡ್ಡಮುನಿಯಮ್ಮನಿಗೆ ಇದು ಕೇಳಿಸಿತು. ಮೊದಲು ಅವಳ ಭುಜ ಅಲುಗಿತು, ಆಮೇಲೆ ಹೊಟ್ಟೆ. ನಕ್ಕು ನಕ್ಕು ಅಲ್ಲೇ ಕುಸಿದಳು. ಅವಳನ್ನು ನೋಡಿ ಅಳಲು ಬಂದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಬಿದಿರು ತಂದವನು ಅದನ್ನು ಎಲ್ಲಿ ಇಳಿಸಬೇಕೆಂದು ಕೇಳುತ್ತಲೇ ಇದ್ದ.

"ನೋಡಪ್ಪಾ," ಅಂದಳು ಮುದುಕಿ ಕೋದಂಡರಾಮಪ್ಪನಿಗೆ, "ಗೇಟು ಐತೆ, ಗಾರೆ ಐತೆ. ಎರಡು ಚೊಂಬು ನೀರಿಲ್ದೆ ನಿನ್ನ ಮನೆ ಮಸಣ ಆಗೋಯ್ತು. ಬದುಕಿರೋನಿಗೆ ಅತ್ತ ಮನೆ ನಮಗ್ಬೇಡ."

"ನಾನು ಸತ್ತಿಲ್ವಲ್ಲಮ್ಮಾ!"

"ಅದೇ ಇನ್ನೂ ಕೆಟ್ಟದ್ದು."

ಮನೆ ಕೊಳ್ಳದಿದ್ದರೂ ಮುದುಕಿ ಬೇಗ ಹೊರಡಲಿಲ್ಲ. ಕೆಂಪು ಜಗಲಿಯ ಮೇಲೆ ಕಾಲು ಚಾಚಿ ಕೂತು, ಮೊಮ್ಮಗಳ ಮದುವೆಗೆ ಬುಟ್ಟಿತೋಳಿನ ರವಿಕೆಗಳನ್ನು ಹೇಳಿ ಹೋದಳು. ಸುದ್ದಿ ಅವಳ ಜೊತೆ ಬಸ್ ಹತ್ತಿ ನಂಗಲಿಯ ಲಾರಿಯವರ ತನಕ ಮುಟ್ಟಿತು. ಆಮೇಲೆ ಬಂದ ಗಿರಾಕಿಗಳೆಲ್ಲ ಮನೆಯ ಬದಲು ಕೋದಂಡರಾಮಪ್ಪನನ್ನೇ ಮೇಲಿಂದ ಕೆಳಗೆ ನೋಡಿ ಹೋದರು. ಮನೆ ಹಾಗೇ ಉಳಿಯಿತು. ಎಂಬತ್ತೆರಡರಲ್ಲಿ ಗಂಗರತ್ನಮ್ಮ ಅದೇ ಜಗಲಿಗೆ ಎರಡನೇ ಮಿಷನ್ ತಂದಿಟ್ಟಳು, ಅಡಿಗೆಮನೆಗೆ ಹೊಸ ಹೆಂಚು ಹೊದಿಸಿದಳು.

ಆ ದಿನದಿಂದ ನೀರಿನ ಭಯ ಕೋದಂಡರಾಮಪ್ಪನಿಗೇ ಅಂಟಿಕೊಂಡಿತು. ಹೆಂಡತಿ ಏಳುವುದು ಸ್ವಲ್ಪ ತಡವಾದರೆ ಸಾಕು, ತಾನೇ ಬಿಂದಿಗೆ ಎತ್ತಿಕೊಂಡು ಹೊರಗೆ ಓಡುತ್ತಿದ್ದ. ಪಂಚೆ ಎತ್ತಿ ಕಟ್ಟಿ, ಅರ್ಧ ನೀರು ಬೀದಿಗೂ ಅರ್ಧ ತನ್ನ ಕಾಲಿಗೂ ಚೆಲ್ಲಿ, ಸೊಟ್ಟ ಗೆರೆಯೊಂದನ್ನು ಎಳೆಯುತ್ತಾ, ಹೋಗುವವರನ್ನೆಲ್ಲ ಕರೆದು ಹೇಳುತ್ತಿದ್ದ:

"ಇಬ್ರೂ ಇದೀವಿ ಕಣಪ್ಪಾ, ಇಬ್ರೂ ಚೆನ್ನಾಗಿದೀವಿ!"